ತೆರೆಯ ಮೇಲೆ ಕೊರೆಯುವ ಚಳಿ

ಸಿನಿಮಾ ಕಣ್ಣು ಕಿವಿಗಳ ಕಲೆಯಾದುದರಿಂದ, ಮೈಗೆ ತಾಗುವ ಚಳಿಯನ್ನು ಅದು ಪ್ರೇಕ್ಷಕನಿಗೆ ನೇರವಾಗಿ ಮುಟ್ಟಿಸಲಾರದು. ಕಾಡ್ಗಿಚ್ಚಿಗೆ ಜ್ವಾಲೆಯಿದೆ, ನೆರೆಗೆ ನೀರಿದೆ, ಆದರೆ ಚಳಿಗೆ ಸ್ವಂತ ರೂಪವಿಲ್ಲ. ಹಿಮ ಕಂಡ ಮಾತ್ರಕ್ಕೆ ಚಳಿ ಕಂಡಂತಾಗುವುದಿಲ್ಲ ಎಂಬುದಕ್ಕೆ ನಾಯಕಿ ತೆಳು ಸೀರೆಯುಟ್ಟು ಮಂಜಿನ ಬೆಟ್ಟಗಳಲ್ಲಿ ನಗುನಗುತ್ತ ಕುಣಿಯುವ ಭಾರತೀಯ ಚಿತ್ರಗೀತೆಗಳೇ ಸಾಕ್ಷಿ. ಆದ್ದರಿಂದ ಹಿಮಪ್ರದೇಶದಲ್ಲಿ ಜೀವ ಉಳಿಸಿಕೊಳ್ಳುವ ಹೋರಾಟವನ್ನು ಕಥಾವಸ್ತುವಾಗಿಸಿಕೊಂಡ ಚಿತ್ರಗಳ ಚರಿತ್ರೆಯೆಂದರೆ, ಬಹುಮಟ್ಟಿಗೆ, ಕಾಣದ ಚಳಿಯನ್ನು ಅದರ ಪರಿಣಾಮಗಳಿಂದ ಕಾಣಿಸಲು ಹೂಡಿದ ಉಪಾಯಗಳ ಚರಿತ್ರೆಯೇ ಆಗಿದೆ.

ಆರಂಭಕಾಲದ ಉಪಾಯ ಸರಳವಾಗಿತ್ತು: ಕ್ಯಾಮೆರಾವನ್ನೇ ಹಿಮದ ನಡುವೆ ಒಯ್ಯುವುದು. ಅನ್ವೇಷಕ ಶ್ಯಾಕಲ್‌ಟನ್ನನ ಅಂಟಾರ್ಕ್ಟಿಕ ಯಾತ್ರೆಯ ಛಾಯಾಗ್ರಾಹಕ ಫ್ರ್ಯಾಂಕ್ ಹರ್ಲಿ, 1915ರಲ್ಲಿ ಅವರ ಹಡಗು ಮಂಜುಗಡ್ಡೆಗಳ ನಡುವೆ ಸಿಕ್ಕಿ ನುಗ್ಗಾದಾಗ, ಅದರೊಳಗೆ ತುಂಬಿದ್ದ ಕೊರೆಯುವ ನೀರಿಗಿಳಿದು ತನ್ನ ನೆಗೆಟಿವ್‌ಗಳನ್ನು ಮೇಲೆತ್ತಿದನು. ಅಲ್ಲಿ ಚಿತ್ರಿಸಿದ ದೃಶ್ಯಗಳೇ 1919ರ ‘ಸೌತ್’ ಚಿತ್ರದಲ್ಲಿವೆ. ಮರುವರ್ಷ ಅಮೆರಿಕದ ಡಿ. ಡಬ್ಲ್ಯು. ಗ್ರಿಫಿತ್ ತನ್ನ ‘ವೇ ಡೌನ್ ಈಸ್ಟ್’ ಚಿತ್ರಕ್ಕಾಗಿ ನಟಿ ಲಿಲಿಯನ್ ಗಿಶ್ ಅವರನ್ನು ನಿಜವಾದ ನದಿಯಲ್ಲಿ ತೇಲುವ ಮಂಜುಹಾಳೆಯ ಮೇಲೆ ಮಲಗಿಸಿದನು. ಒಂದು ಕೈಯನ್ನೂ ಕೂದಲನ್ನೂ ನೀರಿಗೆ ಇಳಿಬಿಟ್ಟರೆ ದೃಶ್ಯ ಚೆನ್ನಾಗಿರುತ್ತದೆಂಬುದು ಗಿಶ್ ಅವರದೇ ಸಲಹೆ. ಅದಕ್ಕೆ ಆ ಕೈ ದೀರ್ಘಕಾಲ ನೋವಿನ ಬೆಲೆ ತೆರಬೇಕಾಯಿತು.

ಮಾತಿನ ಚಿತ್ರಗಳು ಬಂದ ಮೇಲೆ ಹಿಮ ಸ್ಟುಡಿಯೋದೊಳಕ್ಕೆ ಬಂದಿತು, ಬರುವಾಗ ಒಂದು ಕೊರತೆಯನ್ನೂ ತಂದಿತು. ಚಳಿಯಲ್ಲಿ ನಿಂತವನ ಬಾಯಿಂದ ಹೊರಡುವ ಬೆಚ್ಚಗಿನ, ತೇವಭರಿತ ಉಸಿರು ಹೊರಗಿನ ತಣ್ಣನೆಯ ಗಾಳಿಯನ್ನು ಸೇರಿದೊಡನೆ ಸಣ್ಣ ನೀರಹನಿಗಳಾಗಿ ಹೊಗೆಯಂತೆ ಕಾಣುತ್ತದೆ. ಬಿಸಿಯೇರಿದ ದೀಪಗಳ ಕೆಳಗೆ ಕೃತಕ ಹಿಮವನ್ನೆಷ್ಟು ಸುರಿದರೂ ಆ ಹೊಗೆ ಮೂಡುವುದಿಲ್ಲ. ಇದನ್ನರಿತ ಫ್ರ್ಯಾಂಕ್ ಕಾಪ್ರಾ 1937ರ ‘ಲಾಸ್ಟ್ ಹೊರೈಜನ್’ ಚಿತ್ರದ ಹಿಮದೃಶ್ಯಗಳನ್ನು ಲಾಸ್ ಏಂಜಲೀಸ್‌ನ ಶೀತಲಗೃಹವೊಂದರಲ್ಲಿ ಚಿತ್ರಿಸಿದನು. ಇನ್ನು ಆ ಕಾಲದ ಹಿಮವೋ, ಹಲವು ಚಿತ್ರಗಳಲ್ಲಿ ಬಿಳಿಬಣ್ಣ ಬಳಿದ ಕಾರ್ನ್‌ಫ್ಲೇಕ್ಸ್ ಆಗಿದ್ದು, ನಟರು ಕಾಲಿಟ್ಟಲ್ಲೆಲ್ಲ ಹಪ್ಪಳ ಮುರಿದಂತೆ ಕರಕರ ಎನ್ನುತ್ತಿದ್ದುದರಿಂದ ಸಂಭಾಷಣೆಯನ್ನು ಆಮೇಲೆ ಬೇರೆಯಾಗಿ ಮುದ್ರಿಸಿಕೊಳ್ಳಬೇಕಾಗುತ್ತಿತ್ತು. ಹೇಳಲೇಬೇಕಾದ ಇನ್ನೊಂದು ಮಾತೆಂದರೆ, ತೆರೆಯ ಮೇಲೆ ಹಿಮದಲ್ಲಿ ನಡೆಯುವ ಸದ್ದು ಎಷ್ಟೋ ಬಾರಿ ಹಿಮದ್ದಲ್ಲ. ಜೋಳದ ಪಿಷ್ಟ ತುಂಬಿದ ಚೀಲವನ್ನು ಮೈಕಿನ ಮುಂದೆ ಹಿಚುಕಿ ಪಡೆದದ್ದು.

ಆದರೆ ಉಸಿರಿನ ಹೊಗೆಯೂ ಹೆಜ್ಜೆಯ ಸದ್ದೂ ಚಳಿಯ ಹೊರಮೈ ಮಾತ್ರ. ಚಳಿ ದೇಹದೊಳಗೆ ನಡೆಸುವ ಕೆಲಸಕ್ಕೆ ವೈದ್ಯರು ಹೈಪೋಥರ್ಮಿಯಾ ಎನ್ನುತ್ತಾರೆ, ಅಂದರೆ ಸಾಮಾನ್ಯವಾಗಿ 37 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿರಬೇಕಾದ ದೇಹದೊಳಗಿನ ಉಷ್ಣತೆ 35ಕ್ಕಿಂತ ಕೆಳಗಿಳಿಯುವ ಸ್ಥಿತಿ. ಮೊದಲು ಗಡಗಡ ನಡುಕ, ಆಮೇಲೆ ತೊದಲುವ ಮಾತು, ತಡವರಿಸುವ ಕಾಲು, ಮಂಕಾಗುವ ಬುದ್ಧಿ. ಉಷ್ಣತೆ ಇನ್ನೂ ಇಳಿದಾಗ ನಡುಕವೇ ನಿಂತುಹೋಗುತ್ತದೆ, ಕೆಲವರು ಸೆಕೆಯೆಂಬ ಭ್ರಮೆಯಲ್ಲಿ ತೊಟ್ಟ ಬಟ್ಟೆಯನ್ನೇ ಕಳಚಿಹಾಕುತ್ತಾರೆ. ಸಾಹಸಚಿತ್ರಗಳಿಗೆ ಈ ವಿವರಗಳು ಒಗ್ಗುವುದಿಲ್ಲ. 1993ರ ‘ಕ್ಲಿಫ್‌ಹ್ಯಾಂಗರ್’ ಚಿತ್ರದಲ್ಲಿ ಸಿಲ್ವೆಸ್ಟರ್ ಸ್ಟಲೋನ್ ಹಿಮ ಕವಿದ ಬಂಡೆಗಳನ್ನು ತೆಳು ಬನಿಯನಿನಲ್ಲೇ ಹತ್ತುವಾಗ ಪ್ರೇಕ್ಷಕನಿಗೆ ಕಾಣುವುದು ತೋಳಿನ ಕಸುವೇ ಹೊರತು ಚಳಿಯಲ್ಲ.

ಇದಕ್ಕೆ ವ್ಯತಿರಿಕ್ತವಾದ ದಾರಿ ಹಿಡಿದದ್ದು ಸ್ಪೇನಿನ ನಿರ್ದೇಶಕ ಜೆ. ಎ. ಬಯೋನಾ ಅವರ 2023ರ ‘ಸೊಸೈಟಿ ಆಫ್ ದ ಸ್ನೋ’. 1972ರ ಅಕ್ಟೋಬರ್ 13ರಂದು, ಉರುಗ್ವೆಯ ರಗ್ಬಿ ತಂಡವೊಂದನ್ನೂ ಅವರ ಬಂಧುಮಿತ್ರರನ್ನೂ ಚಿಲಿಗೆ ಒಯ್ಯುತ್ತಿದ್ದ ವಾಯುಪಡೆಯ ವಿಮಾನ ಆಂಡೀಸ್ ಪರ್ವತಗಳಲ್ಲಿ ಅಪ್ಪಳಿಸಿತು. ಅದರಲ್ಲಿದ್ದ 45 ಮಂದಿಯಲ್ಲಿ 72 ದಿನಗಳ ಬಳಿಕ ಜೀವಂತ ಉಳಿದವರು 16 ಮಂದಿ. ಅನ್ನವೆಂಬುದೇ ಇಲ್ಲದ ಆ ಎತ್ತರದಲ್ಲಿ ಅವರು ಸತ್ತ ಸಂಗಾತಿಗಳ ದೇಹವನ್ನೇ ತಿಂದು ಬದುಕಬೇಕಾಯಿತು. ಜಗತ್ತು ನೆನಪಿಟ್ಟುಕೊಂಡದ್ದು ಮುಖ್ಯವಾಗಿ ಈ ಸಂಗತಿಯನ್ನೇ. ಬಯೋನಾ ಅದನ್ನು ಮರೆಮಾಚಲಿಲ್ಲ, ರೋಚಕವಾಗಿಸಲೂ ಇಲ್ಲ. ಅವರ ಗಮನ ಹರಿದಿರುವುದು ಕೈಕೆಲಸದ ಕಡೆಗೆ. ಸುತ್ತ ಹಿಮವಿದ್ದರೂ ಕುಡಿಯಲು ನೀರಿಲ್ಲದಾಗ ಬದುಕುಳಿದವರು ಆಸನಗಳಿಂದ ಕಿತ್ತ ಅಲ್ಯುಮಿನಿಯಂ ತಗಡನ್ನು ಬಿಸಿಲಿಗೊಡ್ಡಿ ಹಿಮ ಕರಗಿಸಿದರು, ಕಣ್ಣು ಕುಕ್ಕುವ ಬೆಳಕಿಗೆ ಪೈಲಟ್ ಕೋಣೆಯ ಬಿಸಿಲುಮರೆಗಳಿಂದ ಕನ್ನಡಕ ಮಾಡಿಕೊಂಡರು, ವಿಮಾನದ ಬಾಲದಲ್ಲಿ ದೊರೆತ ಉಷ್ಣನಿರೋಧಕ ಬಟ್ಟೆಯನ್ನು ಹೊಲಿದು ಮೂವರು ಮಲಗಬಹುದಾದ ಚೀಲ ಮಾಡಿದರು. ವೀರಾವೇಶವೆಂಬುದೇನಾದರೂ ಇದ್ದರೆ ಅದು ಈ ಹೊಲಿಗೆಯಲ್ಲಿದೆ.

ಇದೇ ದುರಂತವನ್ನು 1993ರ ‘ಅಲೈವ್’ ಇಂಗ್ಲಿಷಿನಲ್ಲಿ, ಹಾಲಿವುಡ್ ನಟರಿಂದ ಹೇಳಿಸಿತ್ತು. ಬಯೋನಾ ಉರುಗ್ವೆ, ಅರ್ಜೆಂಟೀನಾಗಳ ಹೆಚ್ಚು ಪರಿಚಿತರಲ್ಲದ ನಟರನ್ನು ಆರಿಸಿ, ಸ್ಪ್ಯಾನಿಷ್ ಭಾಷೆಯಲ್ಲಿ, ಬಹುಪಾಲು ಕಥೆಯ ಕ್ರಮದಲ್ಲೇ ಚಿತ್ರೀಕರಿಸಿದರು. ಹೀಗಾಗಿ ನಟರ ಕೆನ್ನೆ ಗುಳಿಬೀಳುವುದೂ ಬಟ್ಟೆ ಜೋಲುವುದೂ ದಿನದಿನಕ್ಕೆ ಕಾಣುತ್ತ ಹೋಗುತ್ತದೆ. ಚಿತ್ರದ ನಿರೂಪಕ ನೂಮಾ ತುರ್ಕಾತ್ತಿ ಆ ಬೆಟ್ಟದಿಂದ ಮರಳದವರಲ್ಲೊಬ್ಬ. ಸತ್ತವರ ಹೆಸರು ಮತ್ತು ವಯಸ್ಸು ಒಂದೊಂದಾಗಿ ತೆರೆಯ ಮೇಲೆ ಮೂಡುತ್ತವೆ. ಬದುಕಿ ಬಂದವರ ಕಥೆಯನ್ನು ಸತ್ತವನ ಬಾಯಿಂದ ಹೇಳಿಸಿದ ಈ ಆಯ್ಕೆ, ಈ ಬಗೆಯ ಚಿತ್ರಗಳಲ್ಲಿ ಅಪರೂಪದ ವಿವೇಕ.

ಆ ವಿಮಾನದ ಅವಶೇಷದಲ್ಲಿ ಒಂದು ಸಣ್ಣ ಟ್ರಾನ್ಸಿಸ್ಟರ್ ಇತ್ತು. ಹುಡುಕಾಟವನ್ನು ಕೈಬಿಡಲಾಗಿದೆ ಎಂಬ ಸುದ್ದಿಯನ್ನು ಅಲ್ಲಿದ್ದವರು ಕೇಳಿದ್ದು ಅದರಲ್ಲೇ. ಅವರಲ್ಲಿ, ನೆರವು ಹುಡುಕಿ ಡಿಸೆಂಬರ್ 12ರಂದು ಹೊರಟ ನಂದೋ ಪರ್ರಾದೋ ಮತ್ತು ರೊಬೆರ್ತೋ ಕನೆಸ್ಸಾ ಸುಮಾರು 10 ದಿನ ನಡೆದು, ಹೊಳೆಯಾಚೆಯ ದಡದಲ್ಲಿದ್ದ ಸೆರ್ಹಿಯೋ ಕತಲಾನ್ ಎಂಬ ಹಳ್ಳಿಗನಿಗೆ, ನೀರಿನ ಮೊರೆತದಲ್ಲಿ ಕೂಗು ಕೇಳದೆ, ಕಲ್ಲಿಗೆ ಕಟ್ಟಿದ ಚೀಟಿಯನ್ನೆಸೆದು ವಿಷಯ ತಿಳಿಸಿದರು. ಕತಲಾನ್ ಕುದುರೆಯೇರಿ ಹೋಗಿ ಪೊಲೀಸರಿಗೆ ಸುದ್ದಿ ಮುಟ್ಟಿಸಿದನು. ಬೆಟ್ಟದ ಮೇಲೆ ಕಾದಿದ್ದ ಉಳಿದ 14 ಮಂದಿಗೆ, ಹೆಲಿಕಾಪ್ಟರಿನ ಸದ್ದಿಗಿಂತ ಮೊದಲೇ, ಆ ಇಬ್ಬರೂ ಸಿಕ್ಕಿದ್ದಾರೆಂಬ ವಾರ್ತೆಯನ್ನು ತಲುಪಿಸಿದ್ದೂ ಅದೇ ಟ್ರಾನ್ಸಿಸ್ಟರ್.