ನೀರು ಸಾಣೆಯ ಬೆಲ್ಟ್ ಯಂತ್ರವನ್ನು ಆರಿಸುವದು ಹೇಗೆ?

(ಗ್ರಾಮಸೇವಕರು ರೈತರ ಸಭೆಯಲ್ಲಿ ಮಾಡಿದ ಭಾಷಣ)



ಕಬ್ಬು ಕಡಿಯುವ ಹಂಗಾಮಿಗೆ ಮೊದಲು ನಾವು ಎತ್ತಿನ ಕೊರಳು ನೋಡುತ್ತೇವೆ, ಗಾಡಿಯ ಗಾಲಿ ನೋಡುತ್ತೇವೆ, ಟ್ರ್ಯಾಕ್ಟರಿನ ಟಾಯರು ನೋಡುತ್ತೇವೆ. ಆದರೆ ಕೊಯ್ತಾದ ಬಾಯಿ ನೋಡುವವರು ಕಡಿಮೆ. ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ಕೆಲವು ತರುಣರು ನೀರು ಹನಿಸುವ ಬೆಲ್ಟ್ ಸಾಣೆ ಯಂತ್ರ ಕೊಳ್ಳುವ ವಿಚಾರದಲ್ಲಿದ್ದಾರೆ. ಕೊಯ್ತಾ, ಕುಡಗೋಲು, ಕೊಡಲಿಗಳಿಗೂ ಆಗಬೇಕು, ಕಿಡಕಿ ಮತ್ತು ಫೋಟೋ ಚೌಕಟ್ಟಿನ ಗಾಜಿನ ಅಂಚು ಉಜ್ಜಲಿಕ್ಕೂ ಆಗಬೇಕು ಎಂಬುದು ಅವರ ಆಸೆ. ಆಸೆ ಒಳ್ಳೆಯದೇ. ರೊಕ್ಕ ಕೊಡುವ ಮುನ್ನ ಏನೇನು ನೋಡಬೇಕೆಂಬುದನ್ನು ಇಂದು ಹೇಳುತ್ತೇನೆ.

ಮೊದಲು ಮೊಂಡು ಕೊಯ್ತಾದಿಂದ ಆಗುವ ಹಾನಿಯ ಲೆಕ್ಕ ನೋಡೋಣ. ಕೊಯ್ತಾ ಮೊಂಡಾದರೆ ಕಡಿಯುವವನು ನೆಲಕ್ಕೆ ಹತ್ತಿ ಕಡಿಯಲಾರ; ಎರಡಂಗುಲ ಮೇಲೆ ಕಡಿಯುತ್ತಾನೆ. ಕಬ್ಬಿನ ಉದ್ದ ಎಂಟು ಅಡಿ, ಅಂದರೆ 96 ಅಂಗುಲ ಎಂದು ಹಿಡಿಯಿರಿ. ಎರಡಂಗುಲ ಬಿಟ್ಟರೆ 48ರಲ್ಲಿ ಒಂದು ಪಾಲು ಹೊಲದಲ್ಲಿಯೇ ಉಳಿಯಿತು. 40 ಟನ್ನು ಬರುವ ಹೊಲದಲ್ಲಿ ಇದು ಮುಕ್ಕಾಲು ಟನ್ನಿಗಿಂತ ಹೆಚ್ಚು. ಅದೂ ಬುಡದ ಗಣಿಕೆ. ಸಕ್ಕರೆ ಹೆಚ್ಚಾಗಿರುವ ಭಾಗ. ಇಷ್ಟಕ್ಕೇ ಮುಗಿಯಲಿಲ್ಲ. ಬುಡ ಸೀಳಿದರೆ ಕುಳೆಗೆ ರೋಗ ಹೊಗುತ್ತದೆ. ಎತ್ತರದ ಮೋಟಿನಿಂದ ಒಡೆದ ಮರಿಗೆ ಬೇರು ಸರಿಯಾಗಿ ನೆಲ ಹಿಡಿಯುವದಿಲ್ಲ. ಇಂದಿನ ಮೊಂಡು ಕೊಯ್ತಾ ಮುಂದಿನ ವರ್ಷದ ಕುಳೆಯನ್ನೂ ತಿನ್ನುತ್ತದೆ.

ಹಾಗಾದರೆ ಒಣ ಸಾಣೆಗೆ ಹಿಡಿದರೇನು ಎಂದು ತಾವು ಕೇಳಬಹುದು. ಒಣ ಚಕ್ರದಿಂದ ಕಿಡಿ ಹಾರುವದನ್ನು ತಾವೆಲ್ಲ ನೋಡಿದ್ದೀರಿ. ಆ ಕಾವಿಗೆ ಕೊಯ್ತಾದ ತೆಳು ಬಾಯಿ ಮೊದಲು ಹುಲ್ಲಿನ ಹಳದಿಯಾಗಿ, ಸುಮಾರು 300 ಡಿಗ್ರಿ ಸೆಂಟಿಗ್ರೇಡಿಗೆ ನೀಲಿ ತಿರುಗುತ್ತದೆ. ನೀಲಿ ತಿರುಗಿತೆಂದರೆ ಕಮ್ಮಾರನು ಕೊಟ್ಟ ಹದ ಹೋಯಿತು. ಅಂಥ ಬಾಯಿ ಅರ್ಧ ದಿನವೂ ತಾಳುವದಿಲ್ಲ. ನೀರು ಹನಿಯುತ್ತಿದ್ದರೆ ಉಕ್ಕು ತಣ್ಣಗಿರುತ್ತದೆ, ಹದ ಉಳಿಯುತ್ತದೆ.

ಎರಡನೆಯದು ಧೂಳು. ಇಂಗ್ಲಂಡಿನ ಶೆಫೀಲ್ಡ್ ಊರು ಚೂರಿ, ಕತ್ತರಿಗಳಿಗೆ ಹೆಸರಾದದ್ದು. ಅಲ್ಲಿ ಮರಳುಗಲ್ಲಿನ ಚಕ್ರಕ್ಕೆ ಒಣ ಸಾಣೆ ಹಿಡಿಯುವವರು ಎಳೆಯ ವಯಸ್ಸಿನಲ್ಲಿಯೇ ಎದೆಯ ರೋಗದಿಂದ ಸಾಯುತ್ತಿದ್ದರು. ನೀರು ಹಾಕಿ ಹಿಡಿಯುವವರು ಅವರಿಗಿಂತ ಹೆಚ್ಚು ಬಾಳುತ್ತಿದ್ದರು. ಡಾಕ್ಟರ್ ಕ್ಯಾಲ್ವರ್ಟ್ ಹಾಲಂಡ್ ಎಂಬವರು 1843ರಲ್ಲಿ ಇದನ್ನು ಬರೆದು ತೋರಿಸಿದರು. ಗಾಜಿನ ಕೆಲಸದಲ್ಲಂತೂ ನೀರು ಬೇಕೇ ಬೇಕು. ಒಣಗಿ ಉಜ್ಜಿದರೆ ಅಂಚು ಕಾದು ಸೀಳುತ್ತದೆ, ಪುಡಿ ಕಣ್ಣು ಗಂಟಲು ಸೇರುತ್ತದೆ.

ಇನ್ನು ಯಂತ್ರದ ವಿಚಾರ. ಐದು ಮಾತು ನೆನಪಿಡಿರಿ.

ಒಂದು, ನೀರಿನ ವ್ಯವಸ್ಥೆ. ನೀರಿಗಾಗಿಯೇ ಮಾಡಿದ ಯಂತ್ರವನ್ನು ಕೊಳ್ಳಿರಿ. ಬೆಲ್ಟಿನ ಮೇಲೆ ನೀರು ಹನಿಯುವ ನಳಿಗೆ, ಕೆಳಗೆ ತಟ್ಟೆ, ಹರಿದು ಹೋಗಲು ದಾರಿ, ಮೋಟಾರಿಗೆ ನೀರು ಸಿಡಿಯದಂತೆ ಮರೆ ಇರಬೇಕು. ಸೋವಿಯೆಂದು ಒಣ ಯಂತ್ರ ತಂದು ಅದರ ಮೇಲೆ ತಂಬಿಗೆಯಿಂದ ನೀರು ಸುರಿಯುವದು ಸಾವನ್ನು ಮನೆಗೆ ಕರೆದಂತೆ.

ಎರಡು, ವೇಗ. ಮೋಟಾರಿನ ಮೇಲಿನ ಪಟ್ಟಿ ಓದಿರಿ. ನಿಮಿಷಕ್ಕೆ 1440 ಸುತ್ತಿನ ಮೋಟಾರು ನಾಲ್ಕಂಗುಲದ ಉರುಳೆಯನ್ನು ನೇರವಾಗಿ ತಿರುಗಿಸಿದರೆ ಬೆಲ್ಟು ನಿಮಿಷಕ್ಕೆ ಸುಮಾರು 450 ಮೀಟರು ಓಡುತ್ತದೆ. 2880 ಸುತ್ತಿನದಾದರೆ ಅದರ ಎರಡರಷ್ಟು. ಹೆಚ್ಚು ವೇಗಕ್ಕೆ ನೀರು ಬೆಲ್ಟಿನ ಮೇಲೆ ನಿಲ್ಲದೆ ಮೈಮೇಲೆ ಹಾರುತ್ತದೆ. ನಮ್ಮ ಕೆಲಸಕ್ಕೆ ನಿಧಾನದ್ದೇ ಲೇಸು.

ಮೂರು, ಬೆಲ್ಟಿನ ಜಾತಿ. ಕಾಗದದ ಬೆನ್ನಿನ ಬೆಲ್ಟು ನೀರಿಗೆ ನೆನೆದು ಹರಿಯುತ್ತದೆ. ನೀರು ತಾಳುವ ಬಟ್ಟೆಯ ಬೆನ್ನಿನದನ್ನೇ ಕೇಳಿರಿ. ಉಕ್ಕಿಗೆ ಅಲ್ಯೂಮಿನಿಯಂ ಆಕ್ಸೈಡ್, ಗಾಜಿಗೆ ಸಿಲಿಕಾನ್ ಕಾರ್ಬೈಡ್. ಒಂದರ ಬೆಲ್ಟು ಇನ್ನೊಂದಕ್ಕೆ ಬಳಸಬೇಡಿರಿ. ನಂಬರು ಏರಿದಂತೆ ನುಣುಪು ಹೆಚ್ಚು. ಕೊಯ್ತಾಕ್ಕೆ 120, ಆಮೇಲೆ 240 ಸಾಕು. ಗಾಜಿಗೆ 120ರಿಂದ ಸುರು ಮಾಡಿ 220, 400 ಎಂದು ಏರಬೇಕು.

ನಾಲ್ಕು, ಅಳತೆ. ಕೊಯ್ತಾಕ್ಕೆ ಎರಡಂಗುಲ ಅಗಲದ ಬೆಲ್ಟು ಸಾಕು. ಗಾಜಿನ ನೇರ ಅಂಚಿಗೆ ನಾಲ್ಕಂಗುಲದ್ದೂ, ಅದರ ಹಿಂದೆ ಸಪಾಟಾದ ಗಟ್ಟಿ ಹಲಗೆಯೂ ಬೇಕು. ಆ ಅಳತೆಯ ಬೆಲ್ಟು ಗೋಕಾಕದಲ್ಲಿಯೋ ಬೆಳಗಾವಿಯಲ್ಲಿಯೋ ಸಿಗುವದೇ ಎಂದು ಮೊದಲೇ ವಿಚಾರಿಸಿರಿ. ಬೆಲ್ಟು ಸಿಗದ ಯಂತ್ರ ಮೂಲೆಯಲ್ಲಿ ಕೂಡ್ರುತ್ತದೆ.

ಐದು, ವಿದ್ಯುತ್ತು. ಅರ್ಥಿಂಗ್ ಸರಿಯಾಗಿರಲಿ. 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಹಾಕಿಸಿರಿ. ಸೋರಿದ ವಿದ್ಯುತ್ತನ್ನು ಅದು ಕ್ಷಣದಲ್ಲಿ ಕಡಿಯುತ್ತದೆ. ಒಣಗಿದ ಹಲಗೆಯ ಮೇಲೆ ನಿಂತು ಕೆಲಸ ಮಾಡಿರಿ.

ಕೆಲಸ ಮಾಡುವಾಗ ಹೆಗಲ ಟವೆಲನ್ನು ತೆಗೆದಿಡಿರಿ. ಧೋತರದ ತುದಿ, ಸೀರೆಯ ಸೆರಗನ್ನು ಬಿಗಿಯಾಗಿ ಸಿಕ್ಕಿಸಿರಿ. ಕಣ್ಣಿಗೆ ಕನ್ನಡಕ ಇರಲಿ. ಬೆಲ್ಟು ಅಂಚಿನಿಂದ ಆಚೆ ಓಡುವಂತೆ ಕೊಯ್ತಾ ಹಿಡಿಯಿರಿ. ಎದುರಾಗಿ ಹಿಡಿದರೆ ಬಾಯಿ ಬೆಲ್ಟಿಗೆ ಕಚ್ಚಿ ಕೈಯಿಂದ ಹಾರುತ್ತದೆ. ಟಫನ್ ಮಾಡಿದ ಗಾಜನ್ನು ಮುಟ್ಟಬೇಡಿರಿ. ಅದರ ಅಂಚು ಉಜ್ಜಿದರೆ ಇಡೀ ಗಾಜು ಪುಡಿಯಾಗಿ ಸಿಡಿಯಬಹುದು. ತಟ್ಟೆಯ ರಾಡಿಯನ್ನು ಬಕೀಟಿನಲ್ಲಿ ತಂಗಗೊಟ್ಟು, ಹಸಿಯಿರುವಾಗಲೇ ಬಾಚಿ ಚೀಲಕ್ಕೆ ಹಾಕಿರಿ. ದನದ ಬಾನಿಗೂ ಹೊಲದ ಕಾಲುವೆಗೂ ಅದು ಹೋಗಕೂಡದು.

ಒಂದು ಮಾತನ್ನು ನಿಸ್ಸಂಕೋಚವಾಗಿ ಹೇಳಬೇಕು. ಎರಡು ಕೊಯ್ತಾ, ನಾಲ್ಕು ಕುಡಗೋಲು ಇರುವ ಮನೆಗೆ ಈ ಯಂತ್ರ ಬೇಕಾಗಿಲ್ಲ. ಒಳ್ಳೆಯ ಸಾಣೆಕಲ್ಲು, ಒಂದು ತಂಬಿಗೆ ನೀರು, ಸಂಜೆಯ ಹತ್ತು ನಿಮಿಷ ಸಾಕು. ಇಪ್ಪತ್ತು ಮನೆಯವರು ಕೂಡಿ ಕೊಂಡರೆ, ಇಲ್ಲವೆ ಒಬ್ಬ ತರುಣನು ಇದನ್ನೇ ಉದ್ಯೋಗ ಮಾಡಿಕೊಂಡರೆ ಲೆಕ್ಕ ಕೂಡುತ್ತದೆ. ಯಂತ್ರದ ಬೆಲೆ, ವರ್ಷದ ಬೆಲ್ಟು, ವಿದ್ಯುತ್ತು ಎಲ್ಲವನ್ನೂ ಕೂಡಿಸಿ, ವರ್ಷಕ್ಕೆ ಎಷ್ಟು ಬಾಯಿ ಹರಿತವಾದೀತು, ಎಷ್ಟು ಅಡಿ ಗಾಜು ಉಜ್ಜಿದೀತು ಎಂಬುದರ ಮೇಲೆ ಹಂಚಿ ನೋಡಿರಿ. ಸಾಲ ಮಾಡುವ ಮೊದಲು ಈ ಲೆಕ್ಕವನ್ನು ಮನೆಯ ಹೆಣ್ಣುಮಕ್ಕಳ ಮುಂದೆಯೂ ಇಡಿರಿ.

ಅಂಗಡಿಗೆ ಹೋಗುವಾಗ ಬರಿಗೈಯಲ್ಲಿ ಹೋಗಬೇಡಿರಿ. ಹಳೆಯ ಕೊಯ್ತಾ ಒಂದು, ಗಾಜಿನ ತುಂಡು ಒಂದು ಒಯ್ಯಿರಿ. ಐದು ನಿಮಿಷ ಉಜ್ಜಿಸಿ ನೋಡಿರಿ. ಕೊಯ್ತಾ ಬೆಚ್ಚಗಾಗಬಾರದು, ಬಣ್ಣ ತಿರುಗಬಾರದು. ಗಾಜಿನ ಅಂಚು ಚಕ್ಕೆ ಏಳಬಾರದು. ಮೋಟಾರಿನ ಮೇಲೆ ಒಂದು ಹನಿಯೂ ಇರಬಾರದು. ಈ ಪರೀಕ್ಷೆಯಲ್ಲಿ ಪಾಸಾದದ್ದನ್ನು ತನ್ನಿರಿ. ಅಂಗಡಿಯವನು ಪರೀಕ್ಷೆಗೆ ಒಪ್ಪದಿದ್ದರೆ ಮುಂದಿನ ಅಂಗಡಿಗೆ ನಡೆಯಿರಿ.