ಹೊಗೆ ಕಾರದ ಕಾರು



‘ಕಾರು’ ಎಂಬುದು ಪರದೇಶದಿಂದ ಬಂದ ಮಾತಾದರೂ ಕನ್ನಡಕ್ಕೆ ಸೊಗಸಾಗಿ ಒಗ್ಗಿಕೊಂಡಿದೆ. ಹಳಗನ್ನಡದಲ್ಲಿ ‘ಕಾರ್’ ಎಂದರೆ ಕಪ್ಪು, ಮಳೆಗಾಲ. ಇಂದಿನ ಮಾತಿನಲ್ಲೂ ‘ಕಾರು’ ಎಂದರೆ ಕಕ್ಕು, ಉಗುಳು. ಸಂಜೆಯ ಹೊತ್ತು ನಮ್ಮ ಅನ್ನಪೂರ್ಣೇಶ್ವರಿ ನಗರದ ಬೀದಿಯಲ್ಲಿ ಹೊಗೆಯುಗುಳುತ್ತ ಸಾಲುಗಟ್ಟಿ ನಿಂತ ಗಾಡಿಗಳನ್ನು ಕಂಡಾಗ, ಹೆಸರಿಟ್ಟವರು ಕನ್ನಡ ಬಲ್ಲವರೇ ಇರಬೇಕೆಂದು ನನಗೆ ಅನ್ನಿಸುವುದುಂಟು. ಈ ಕಾರಿನ ಚರಿತ್ರೆಯಲ್ಲಿ ಬೆಂಗಳೂರಿಗೆ ಸೇರಿದ ಎರಡು ಕೌತುಕಗಳನ್ನು ಇಂದು ನಿಮ್ಮ ಮುಂದಿಡುತ್ತೇನೆ.

ಲೋಕದಲ್ಲಿ ಮೊದಲು ಬಂದದ್ದು ಕಾರು, ಆಮೇಲೆ ವಿಮಾನ. ಕಾರ್ಖಾನೆಯ ಮಟ್ಟಿಗೆ ಬೆಂಗಳೂರಿನಲ್ಲಿ ಈ ಕ್ರಮ ತಲೆಕೆಳಗಾಯಿತು. ಸರ್ ಎಂ. ವಿಶ್ವೇಶ್ವರಯ್ಯನವರು ಎಪ್ಪತ್ತು ದಾಟಿದ ವಯಸ್ಸಿನಲ್ಲಿ, 1935ರಲ್ಲಿ, ಯೂರೋಪು ಅಮೆರಿಕಗಳಿಗೆ ಹೋಗಿ ಮೋಟಾರು ಕಾರ್ಖಾನೆಗಳನ್ನು ಕಣ್ಣಾರೆ ಕಂಡು ಬಂದರು; ಭಾರತದಲ್ಲೇ ಕಾರು ತಯಾರಾಗಬೇಕೆಂದು ಯೋಜನೆಯನ್ನು ಸಿದ್ಧಪಡಿಸಿದರು. ಉದ್ಯಮಿ ವಾಲಚಂದ್ ಹೀರಾಚಂದರು ಅದನ್ನು ಕೈಗೆತ್ತಿಕೊಂಡರು. ಮೈಸೂರು ಸರ್ಕಾರ ಬೆಂಬಲಕ್ಕೆ ಮುಂದಾಯಿತು. ಆದರೆ ದಿಲ್ಲಿಯ ಬ್ರಿಟಿಷ್ ಸರ್ಕಾರ ಸಹಕರಿಸಲಿಲ್ಲ. ಯೋಜನೆ ಕಾಗದದಲ್ಲೇ ಉಳಿಯಿತು.

ಆಗ ಮಹಾಯುದ್ಧದ ಕಾಲ. ವಿಮಾನ ಬೇಕಾಗಿತ್ತು. ಅದೇ ವಾಲಚಂದರು, ಅದೇ ಮೈಸೂರು ಸರ್ಕಾರದೊಡನೆ ಕೂಡಿ, 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಂಪನಿಯನ್ನು ಸ್ಥಾಪಿಸಿದರು. ಮರುವರ್ಷವೇ ಇಲ್ಲಿ ಜೋಡಿಸಿದ ವಿಮಾನ ಆಕಾಶಕ್ಕೇರಿತು. ಇಂದಿನ ಎಚ್.ಎ.ಎಲ್.ನ ಮೂಲ ಅದೇ. ವಾಲಚಂದರ ಮೋಟಾರು ಕಂಪನಿ, ಪ್ರೀಮಿಯರ್, 1944ರಲ್ಲಿ ಮುಂಬಯಿಯ ಪಾಲಾಯಿತು. ನೆಲದ ಮೇಲೆ ಓಡುವುದನ್ನು ಕೇಳಿದ ಊರಿಗೆ ಹಾರುವುದು ದಕ್ಕಿತು! ಕೆಂಗೇರಿಯಾಚೆ, ಮೈಸೂರು ರಸ್ತೆಯ ಬಿಡದಿಯಲ್ಲಿ ದೊಡ್ಡ ಕಾರು ಕಾರ್ಖಾನೆ ಕೆಲಸ ಆರಂಭಿಸಿದ್ದು 1999ರ ಕೊನೆಯಲ್ಲಿ. ವಿಶ್ವೇಶ್ವರಯ್ಯನವರು 1962ರಲ್ಲೇ ಕಾಲವಾಗಿದ್ದರು.

ಇನ್ನು ಎರಡನೆಯ ಕೌತುಕ. ವಿದ್ಯುತ್ತಿನ ಕಾರು ತೀರ ಹೊಸದೆಂದು ನಾವು ಭಾವಿಸುತ್ತೇವೆ. ಆದರೆ ಗಂಟೆಗೆ ನೂರು ಕಿಲೋಮೀಟರಿನ ಗೆರೆಯನ್ನು ಮೊತ್ತಮೊದಲು ದಾಟಿದ ಕಾರು ಪೆಟ್ರೋಲಿನದಲ್ಲ, ವಿದ್ಯುತ್ತಿನದು! 1899ರಲ್ಲಿ, ಪ್ಯಾರಿಸ್ಸಿನ ಬಳಿ, ಬೆಲ್ಜಿಯಂ ದೇಶದ ಕಮೀಲ್ ಜೆನಾಟ್ಸಿ ಅದನ್ನು ಓಡಿಸಿದ. ಮುಂದೆ ಪೆಟ್ರೋಲು ಸುಲಭವಾಯಿತು. 1912ರ ಕ್ಯಾಡಿಲಾಕ್ ಕಾರಿನಲ್ಲಿ ವಿದ್ಯುತ್ ಸ್ಟಾರ್ಟರು ಬಂದು, ಹ್ಯಾಂಡಲು ತಿರುಗಿಸಿ ಕೈ ಮುರಿದುಕೊಳ್ಳುವ ಭಯವೂ ಹೋಯಿತು. ಬ್ಯಾಟರಿ ಕಾರನ್ನು ಜನ ಮರೆತರು. ಪೆಟ್ರೋಲು ಕಾರನ್ನು ಗೆಲ್ಲಿಸಿದ್ದರಲ್ಲಿ ವಿದ್ಯುತ್ತಿನ ಕೈಯೂ ಇತ್ತೆಂಬುದು ವಿನೋದವಲ್ಲವೇ?

ಹೀಗೆ ಮರೆತುಹೋದದ್ದನ್ನು ಭಾರತದಲ್ಲಿ ಮಾರುಕಟ್ಟೆಗೆ ತಂದವರು ಬೆಂಗಳೂರಿನವರು. ಚೇತನ್ ಮೈನಿಯವರ ‘ರೇವಾ’ 2001ರಲ್ಲಿ ಬೊಮ್ಮಸಂದ್ರದಿಂದ ಹೊರಬಂದಿತು. ಎರಡೇ ಬಾಗಿಲಿನ ಪುಟ್ಟ ಗಾಡಿ. ಮುಂದೆ ಇಬ್ಬರು ದೊಡ್ಡವರು, ಹಿಂದೆ ಇಬ್ಬರು ಮಕ್ಕಳು. ಮನೆಯ ಪ್ಲಗ್ಗಿಗೆ ಸಿಕ್ಕಿಸಿದರೆ ಸಾಕು, ಎಂಬತ್ತು ಕಿಲೋಮೀಟರಿನಷ್ಟು ಓಡುತ್ತಿತ್ತು. ಊರಿನವರು ನೋಡಿ ನಕ್ಕದ್ದೂ ಉಂಟು. ಲಂಡನ್ ನಗರದಲ್ಲಿ ಮಾತ್ರ ಅದು ‘ಜಿ-ವಿಜ್’ ಎಂಬ ಹೆಸರಿನಿಂದ ಮನೆಮಾತಾಯಿತು. 2010ರಲ್ಲಿ ಕಂಪನಿ ಮಹೀಂದ್ರದವರ ಕೈಸೇರಿತು. ರೇವಾ ಈಗ ತಯಾರಾಗುತ್ತಿಲ್ಲ.

ಒಂದು ಯೋಜನೆಗೆ ಆಳುವವರ ಒಪ್ಪಿಗೆ ಸಿಗಲಿಲ್ಲ. ಇನ್ನೊಂದಕ್ಕೆ ಊರಿನ ಮನಸ್ಸು ಒಲಿಯಲಿಲ್ಲ. ಎರಡೂ ಕಾಲಕ್ಕಿಂತ ಮುಂಚೆ ಹುಟ್ಟಿದವು, ಆದರೂ ವ್ಯರ್ಥವಾಗಲಿಲ್ಲ. ನಾಳೆ ನೀವು ರಸ್ತೆಗಿಳಿದಾಗ ಹಸಿರು ನಂಬರು ಫಲಕದ ಗಾಡಿಯೊಂದು ಸದ್ದಿಲ್ಲದೆ ಪಕ್ಕದಲ್ಲಿ ಹಾದುಹೋದೀತು. ಮನೆಯ ಮಕ್ಕಳಿಗೆ ಅದನ್ನು ತೋರಿಸಿ, ಇಂಥದ್ದನ್ನು ಬೆಂಗಳೂರು ಬಹಳ ಹಿಂದೆಯೇ ಮಾಡಿತ್ತೆಂದು ಹೇಳಿ. ಹೊಸದನ್ನು ಕಂಡು ನಗುವ ಮೊದಲು ಅವರು ಒಂದು ಕ್ಷಣ ಯೋಚಿಸಿಯಾರು.