ಶೆಟವಿಯ ಬರಹಕ್ಕೆ ಮುನ್ನ

ಶಿಶುವಿನ ಜನನಕಾಲವನ್ನು ನಿರ್ಣಯಿಸತಕ್ಕವರು ಯಾರು ಎಂಬುದು ನಮ್ಮ ಅಜ್ಜಿಯರಿಗೆ ಪ್ರಶ್ನೆಯಾಗಿಯೇ ತೋರಿರಲಾರದು. ಆದರೆ ಇಂದಿನ ಹೈದರಾಬಾದಿನಲ್ಲಿ ತಿಥಿ ನಕ್ಷತ್ರ ಲಗ್ನಗಳನ್ನು ಗುಣಿಸಿ, ಮದುವೆಗೆ ಮುಹೂರ್ತವಿಡಿಸುವಂತೆಯೇ ಹೆರಿಗೆಗೂ ಮುಹೂರ್ತವಿಡಿಸಿಕೊಂಡು, ಆ ಚೀಟಿಯೊಡನೆ ಶಸ್ತ್ರವೈದ್ಯರ ಬಾಗಿಲಿಗೆ ಬರುವ ಕುಟುಂಬಗಳು ವಿರಳವಲ್ಲ.

ನಾನು ರಾಯಚೂರಿನ ಕಡೆಯವಳು, ಈ ನಗರದ ಕಾಚಿಗುಡದ ಸೊಸೆ. ಚೊಚ್ಚಲಿಗೆ ತವರಿಗೆ ಹೋಗುವುದು ರೂಢಿಯಾದರೂ, ದೂರದ ಪ್ರಯಾಣವನ್ನು ವೈದ್ಯರು ನಿಷೇಧಿಸಿದುದರಿಂದ ತವರೇ, ಎಂದರೆ ನನ್ನ ಅವ್ವನೇ, ಅಂಟಿನುಂಡಿಯ ಡಬ್ಬಿಯ ಸಮೇತ ಇಲ್ಲಿಗೆ ಬಂದಳು. ಅಮಾವಾಸ್ಯೆಗೆ ಮೊದಲೇ ಒಳ್ಳೆಯ ಗಳಿಗೆಯೊಂದನ್ನು ನೋಡಿ ಶಸ್ತ್ರಕ್ರಿಯೆ ಮಾಡಿಸಿಬಿಡುವುದು ಲೇಸೆಂದು ಬಂಧುಗಳಲ್ಲಿ ಕೆಲವರು ಸೂಚಿಸಿದಾಗ ಅವಳು, ‘ಬರೋ ಕೂಸಿಗೆ ಹಾದಿ ಗೊತ್ತದ, ನಾವು ಕಾಯೂಣು’ ಎಂದಳು.

ಅವಳ ಈ ನಿಲುವಿಗೆ ಆಧಾರ ವೈದ್ಯಶಾಸ್ತ್ರವಲ್ಲ, ಶೆಟವಿ. ಹುಟ್ಟಿದ ಐದನೆಯ ರಾತ್ರಿ ಆ ತಾಯಿಯು ಬಂದು ಕೂಸಿನ ಹಣೆಯಲ್ಲಿ ಬರೆಯುವಳೆಂದು ನಮ್ಮ ಸೀಮೆಯ ನಂಬುಗೆ. ಬರೆಯುವವಳು ಬರುವುದಕ್ಕೆ ಮೊದಲೇ ನಾವು ಬರೆದಿಟ್ಟರೆ ಅವಳಿಗೆ ಉಳಿದ ಕೆಲಸವೇನು? ಜಾತಕವೆಂಬುದು ತಾನಾಗಿ ಒದಗಿದ ಗಳಿಗೆಯನ್ನು ಓದುವ ವಿದ್ಯೆಯಷ್ಟೆ. ಗಳಿಗೆಯನ್ನು ನಾವೇ ಇಟ್ಟು, ಬಳಿಕ ಅದರ ಫಲವನ್ನೋದಿ ಹಿಗ್ಗುವುದು, ತನ್ನ ಉತ್ತರಪತ್ರಿಕೆಗೆ ತಾನೇ ಅಂಕಗಳನ್ನು ಕೊಟ್ಟುಕೊಂಡ ವಿದ್ಯಾರ್ಥಿಯ ಹಿಗ್ಗಿನಂತಹುದು.

ನಾನು ಚೊಚ್ಚಲು ಹೆತ್ತ ಮಾಸದಲ್ಲಿಯೇ ನೆರೆಮನೆಯ ಆಪಾ ಕೂಡ ಹೆತ್ತರು. ಅವರಲ್ಲಿ ಕೂಸು ಭೂಮಿಗೆ ಬಂದ ಬಳಿಕ ಅದರ ಬಲಗಿವಿಯಲ್ಲಿ ಆಜಾನ್ ಹೇಳುವರು. ಆರನೆಯ ದಿನ ಛಟ್ಟಿ, ಏಳನೆಯ ದಿನ ಅಕೀಕಾ, ನಲವತ್ತು ದಿನಗಳ ಚಿಲ್ಲಾ, ಹೀಗೆ ಎಣಿಕೆಯೆಲ್ಲವೂ ಕೂಸು ಬಂದ ಕ್ಷಣದಿಂದ ಮುಂದಕ್ಕೆ ಸಾಗುವುದೇ ಹೊರತು, ಆ ಕ್ಷಣಕ್ಕೇ ಗಡುವು ಕಟ್ಟುವ ಆಚಾರವೊಂದೂ ನನಗೆ ಕಾಣಲಿಲ್ಲ. ಅವರ ಮನೆಯಿಂದ ಬೆಲ್ಲ, ತುಪ್ಪ, ಓಮಗಳ ಅಛ್ವಾನಿ ನಮ್ಮಲ್ಲಿಗೂ, ನಮ್ಮ ಮನೆಯಿಂದ ಅಳವಿಯ ಪಾಯಸ ಅವರಲ್ಲಿಗೂ ಸಂಚರಿಸಿದುವು. ಹೈದರಾಬಾದಿನ ಮೇ ತಿಂಗಳಲ್ಲಿ ಶೀತಕ್ಕೆ ಅಂಜಿ, ಕಿವಿಗೆ ಹತ್ತಿಯಿಟ್ಟು ತಲೆಗೆ ಬಟ್ಟೆ ಕಟ್ಟಿ ಕುಳಿತುದರಲ್ಲಂತೂ ಎರಡು ಮತಗಳ ಬಾಣಂತಿಯರಿಗೂ ಕಿಂಚಿತ್ತೂ ಭೇದವಿರಲಿಲ್ಲ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ತೆಲಂಗಾಣದ ಹೆರಿಗೆಗಳಲ್ಲಿ ಶೇಕಡಾ 60.7 ಸಿಸೇರಿಯನ್, ಕರ್ನಾಟಕದಲ್ಲಿ 31.5, ಸಮಗ್ರ ದೇಶದಲ್ಲಿ 21.5. ಇದಕ್ಕೆ ಮುಹೂರ್ತವೊಂದೇ ಕಾರಣವಲ್ಲ. ನೋವಿನ ಭೀತಿಯೂ ಆಸ್ಪತ್ರೆಗಳ ಅನುಕೂಲವೂ ಇದರಲ್ಲಿ ಸೇರಿವೆ. ಹಾಗೆಂದು ಕತ್ತರಿಯನ್ನು ನಿಂದಿಸುವಷ್ಟು ಕೃತಘ್ನಳು ನಾನಲ್ಲ. ಇದೇ ನಗರದಲ್ಲಿ ನಿಜಾಮರ ಸೊಸೆ ನಿಲೋಫರ್, ತನ್ನ ಪರಿಚಾರಿಕೆಯೊಬ್ಬಳು ಹೆರಿಗೆಯಲ್ಲಿ ಮಡಿದ ದುಃಖದಿಂದ ಪ್ರೇರಿತಳಾದ ಫಲವಾಗಿ ಅವಳ ಹೆಸರಿನ ಆಸ್ಪತ್ರೆಯು 1953ರಲ್ಲಿ ತೆರೆಯಿತು. ರಾಜಗೃಹದ ನೆರಳಿನಲ್ಲಿದ್ದವಳಿಗೇ ಒದಗದಿದ್ದ ನೆರವು ಹಳ್ಳಿಯ ಎಷ್ಟು ಮಂದಿಗೆ ಒದಗಿದ್ದೀತು? ಕಾಯಬೇಕು, ನಿಜ, ಆದರೆ ಎಷ್ಟು ಕಾಯಬಹುದೆಂದು ಬಲ್ಲವರು ಬಳಿಯಲ್ಲಿರಬೇಕು.

ಆ ಬಲ್ಲವರನ್ನು ಸಿದ್ಧಗೊಳಿಸುವ ಯತ್ನವೂ ಇಲ್ಲಿಯೇ ನಡೆದಿದೆ. 1948ರಲ್ಲಿ ಆರಂಭವಾದ ಫರ್ನಾಂಡಿಸ್ ಆಸ್ಪತ್ರೆಯು 2011ರಿಂದ ದಾದಿಯರಿಗೆ ಸೂಲಗಿತ್ತಿಯ ವಿದ್ಯೆಯಲ್ಲಿ ವಿಶೇಷ ಶಿಕ್ಷಣವನ್ನೀಯತೊಡಗಿತು. 2017ರಲ್ಲಿ ತೆಲಂಗಾಣ ಸರಕಾರವೂ ಈ ಮಾರ್ಗವನ್ನು ಹಿಡಿಯಿತು. ಗರ್ಭಿಣಿಯನ್ನು ನಡೆದಾಡಗೊಡುವುದು, ಅವಳಿಗೆ ಹಿತವಾದ ಭಂಗಿಯಲ್ಲಿ ಹೆರಗೊಡುವುದು, ಅವಳ ಆಪ್ತರೊಬ್ಬರನ್ನು ಜೊತೆಗಿರಗೊಡುವುದು, ಅವಶ್ಯವಾದೊಡನೆ ವೈದ್ಯರನ್ನು ಕರೆಯುವುದು ಇವರ ಕ್ರಮ.

ನನ್ನ ಎರಡನೆಯ ಹೆರಿಗೆಯಲ್ಲಿ ಅಂತಹ ತೆಲುಗು ತರುಣಿಯೊಬ್ಬಳು ಇರುಳೆಲ್ಲ ಬಳಿಯಲ್ಲಿದ್ದಳು. ಚೊಚ್ಚಲಿನಲ್ಲಿ ಹೊರಗಿನ ಬೆಂಚಿನ ಮೇಲೆ ಕುಳಿತಿದ್ದ ಅವ್ವ ಈ ಸಲ ಒಳಗಿದ್ದು ಬೆನ್ನು ನೀವಿದಳು. ಅವ್ವನದು ಕನ್ನಡ, ಹುಡುಗಿಯದು ತೆಲುಗು, ಸಂಭಾಷಣೆ ಮಾತ್ರ ನಿರಾತಂಕ. ಬಿಡುಗಡೆಯ ದಿನ ಅವ್ವ, ಸೂಲಗಿತ್ತಿಗೆ ಸೀರೆ ಕುಬುಸ ಕೊಟ್ಟು ಉಡಿ ತುಂಬದೆ ಮನೆಗೆ ಬರಲಾರೆನೆಂದು ಹಟ ಹಿಡಿದಳು. ಉಡುಗೊರೆ ಸ್ವೀಕರಿಸುವುದು ಆಸ್ಪತ್ರೆಯ ನಿಯಮಕ್ಕೆ ವಿರುದ್ಧವೆಂದು ಹುಡುಗಿ ಕೈಮುಗಿದಳು. ಆ ಸೀರೆ ಈಗಲೂ ನಮ್ಮ ಕಪಾಟಿನಲ್ಲಿದೆ. ನಿಯಮ ಬದಲಾಯಿತೇ ಎಂದು ಅವ್ವ ಫೋನಿನಲ್ಲಿ ಆಗಾಗ ವಿಚಾರಿಸುತ್ತಾಳೆ.